ಟಿಕೆಟ್ ದುಡ್ಡು ಕಟ್ಟುವ ಮೊದಲು ಏನು ನೋಡಬೇಕು, ಕಟ್ಟಿದ ಮೇಲೆ ಎಲ್ಲಿ ಕೇಳಬೇಕು?

ಹೋದ ವರ್ಷ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಬಯಲು ಸಂಗೀತ ಕಾರ್ಯಕ್ರಮಕ್ಕೆ ನಾಲ್ಕು ಟಿಕೆಟ್ ತೆಗೆದಿದ್ದೆ. ಅಕ್ಕ, ಭಾವ, ಅವರ ಮಗಳು, ನಾನು. ಪೋಸ್ಟರಿನಲ್ಲಿ 1,499 ರೂಪಾಯಿ ಅಂತಿತ್ತು. ಜಾಗ ಆರಿಸಿ, ಹೆಸರು ತುಂಬಿ, ಫೋನ್ ನಂಬರ್ ಕೊಟ್ಟು ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಒಂದು ಟಿಕೆಟ್ 1,900ರ ಹತ್ತಿರ ಹೋಗಿತ್ತು. ಮೇಲೆ ಗಡಿಯಾರ ಬೇರೆ ಓಡುತ್ತಿತ್ತು. ಹುಡುಗಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು, ಈಗ ಬೇಡ ಅನ್ನಲು ಮನಸ್ಸು ಬರಲಿಲ್ಲ, ಕಟ್ಟಿಬಿಟ್ಟೆ.

ಕಾರ್ಯಕ್ರಮದ ದಿನ ಮಧ್ಯಾಹ್ನ, ರದ್ದಾಗಿದೆ ಅಂತ ಮೆಸೇಜ್ ಬಂತು. ಮೂರು ವಾರ ಕಳೆದರೂ ದುಡ್ಡು ಬರಲಿಲ್ಲ. ಟಿಕೆಟ್ ಮಾರಿದವರು ಆಯೋಜಕರನ್ನು ಕೇಳಿ ಅಂದರು. ಆಯೋಜಕರು ಫೋನ್ ಎತ್ತಲಿಲ್ಲ. ಕೊನೆಗೆ ನಮ್ಮನ್ನು ಕಾಪಾಡಿದ್ದು ಆ ಹುಡುಗಿ. ‘ನಾವೂ ಹೋಗ್ತಿದ್ದೀವಿ’ ಅಂತ ಗೆಳತಿಯರಿಗೆ ಕಳಿಸಲು ಅವಳು ದುಡ್ಡು ಕಟ್ಟುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದಳು. ಅದರಲ್ಲಿ ಪೂರ್ತಿ ಲೆಕ್ಕ ಇತ್ತು, ಕೆಳಗೆ ರದ್ದಾದರೆ ಹಣ ವಾಪಸ್ ಅನ್ನುವ ಸಾಲೂ ಇತ್ತು. ಅವತ್ತಿನಿಂದ ನಾನು ಟಿಕೆಟ್ ತೆಗೆಯುವ ರೀತಿಯೇ ಬದಲಾಗಿದೆ. ಆ ರೀತಿಯನ್ನೇ ಇಲ್ಲಿ ಒಂದೊಂದು ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲು ಒಟ್ಟು ಬೆಲೆ ನೋಡಿ

ಜಾಹೀರಾತಿನ ಬೆಲೆ ಮರೆತುಬಿಡಿ. 2020ರ ಜುಲೈನಲ್ಲಿ ಬಂದ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ, ಆನ್‌ಲೈನ್‌ನಲ್ಲಿ ಮಾರುವಾಗ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು. ಅದು ಯಾವುದರಿಂದ ಎಷ್ಟಾಯಿತು ಅಂತ ಬಿಡಿಸಿಯೂ ತೋರಿಸಬೇಕು. ಟಿಕೆಟ್ ಎಷ್ಟು, ತೆರಿಗೆ ಎಷ್ಟು, ಬುಕಿಂಗ್ ಶುಲ್ಕ ಎಷ್ಟು, ನಾವೇ ಇಷ್ಟಪಟ್ಟು ಸೇರಿಸಿದ್ದು ಎಷ್ಟು, ಎಲ್ಲವೂ ಬೇರೆ ಬೇರೆಯಾಗಿ ಕಾಣಬೇಕು. ಕೊನೆಯ ಪುಟದಲ್ಲಿ ಬರೀ ಒಂದು ಮೊತ್ತ ಕಂಡರೆ ಅದರ ಪಕ್ಕದ ಬಾಣದ ಗುರುತು ಒತ್ತಿ ನೋಡಿ, ಸಾಮಾನ್ಯವಾಗಿ ಲೆಕ್ಕ ಅಲ್ಲಿರುತ್ತದೆ.

ತೆರಿಗೆಯ ಲೆಕ್ಕ ಗೊತ್ತಿದ್ದರೆ ಬೇರೆ ಶುಲ್ಕ ಎಷ್ಟು ಹಾಕಿದ್ದಾರೆ ಅನ್ನುವುದು ತಾನಾಗಿಯೇ ತಿಳಿಯುತ್ತದೆ. ನಾಟಕ, ನೃತ್ಯ, ಸರ್ಕಸ್, ಸಂಗೀತ ಕಛೇರಿ, ಇವುಗಳ ಟಿಕೆಟ್ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಮೀರಿದರೆ ಶೇ 18. ಅಂದರೆ 200 ರೂಪಾಯಿಯ ನಾಟಕದ ಟಿಕೆಟ್ ಮೇಲೆ ಯಾರಾದರೂ ತೆರಿಗೆ ಹಾಕಿದ್ದರೆ ಕೇಳಲೇಬೇಕು. ಆದರೆ ಬುಕಿಂಗ್ ತಾಣ ತನಗಾಗಿ ತೆಗೆದುಕೊಳ್ಳುವ ಕನ್ವೀನಿಯನ್ಸ್ ಫೀ ಮೇಲೆ ಶೇ 18 ಇದ್ದೇ ಇರುತ್ತದೆ, ಎರಡನ್ನೂ ಕಲಸಿಕೊಳ್ಳಬೇಡಿ. ಸಿನಿಮಾ ಟಿಕೆಟ್ 100 ರೂಪಾಯಿವರೆಗೆ ಶೇ 5, ಅದಕ್ಕಿಂತ ಜಾಸ್ತಿಯಾದರೆ ಶೇ 18. ಐಪಿಎಲ್ ಪಂದ್ಯಕ್ಕೆ 2025ರ ಸೆಪ್ಟೆಂಬರ್ 22ರಿಂದ ಶೇ 40. ಮೊದಲು ಶೇ 28 ಇತ್ತು. ಸಾವಿರ ರೂಪಾಯಿಯ ಸೀಟಿಗೆ ತೆರಿಗೆ ಸೇರಿ 1,280 ಕೊಡುತ್ತಿದ್ದವರು ಈಗ 1,400 ಕೊಡಬೇಕು. ಇದು ತಂಡದ ಜೇಬಿಗೆ ಹೋಗುವ ದುಡ್ಡಲ್ಲ, ಆದರೂ ಜಾಹೀರಾತಿನಲ್ಲಿ ಬರೀ ಸಾವಿರ ಅಂತ ಹಾಕಿ ಕೊನೆಗೆ 400 ಸೇರಿಸಿದರೆ ಕೊಳ್ಳುವವರ ಲೆಕ್ಕ ತಪ್ಪುತ್ತದೆ ಅಲ್ವಾ?

ಕನ್ವೀನಿಯನ್ಸ್ ಫೀ ತೆಗೆದುಕೊಳ್ಳುವುದೇ ಕಾನೂನುಬಾಹಿರ ಅಂತ ತುಂಬಾ ಜನ ಹೇಳುತ್ತಾರೆ. ಹಾಗಿಲ್ಲ. ಮಹಾರಾಷ್ಟ್ರ ಸರ್ಕಾರ ಚಿತ್ರಮಂದಿರಗಳಿಗೆ ಅದನ್ನು ನಿಷೇಧಿಸಿತ್ತು, 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ಆದ್ದರಿಂದ ಶುಲ್ಕ ಯಾಕೆ ತಗೊಂಡಿರಿ ಅಂತ ಜಗಳ ಮಾಡಿ ಪ್ರಯೋಜನವಿಲ್ಲ. ಮೊದಲೇ ಯಾಕೆ ತೋರಿಸಲಿಲ್ಲ ಅಂತ ಕೇಳಿ, ಅದಕ್ಕೆ ಬಲವಿದೆ. ನಮ್ಮ ರಾಜ್ಯದಲ್ಲಿ ಸಿನಿಮಾ ಟಿಕೆಟ್‌ಗೆ 200 ರೂಪಾಯಿ ಮಿತಿ ಅಂತ 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಯಮ ತಂದದ್ದು ನೆನಪಿರಬಹುದು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹಾಗಾಗಿ ಕೌಂಟರಿನಲ್ಲಿ ಆ ನಿಯಮ ತೋರಿಸಿ ವಾದ ಮಾಡುವ ಮುಂಚೆ ಪ್ರಕರಣ ಎಲ್ಲಿಗೆ ಬಂದಿದೆ ಅಂತ ನೋಡಿಕೊಳ್ಳಿ.

ಪರದೆ ಆಡುವ ಆಟ ಗುರುತಿಸಿ

ಕೊಳ್ಳುವವರನ್ನು ಆತುರಕ್ಕೆ, ಗೊಂದಲಕ್ಕೆ ಬೀಳಿಸುವ ವಿನ್ಯಾಸಕ್ಕೆ ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಯ ಆಟಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಟಿಕೆಟ್ ವಿಷಯದಲ್ಲಿ ಮೂರು ಮುಖ್ಯ.

ಒಂದು, ಬೆಲೆಯನ್ನು ಹನಿಹನಿಯಾಗಿ ಏರಿಸುವುದು. ನನ್ನ 1,499 ಹೀಗೇ 1,900 ಆದದ್ದು. ಇನ್ನೊಂದು, ನಮ್ಮನ್ನು ಕೇಳದೆ ಬುಟ್ಟಿಗೆ ಏನನ್ನಾದರೂ ಸೇರಿಸುವುದು, ವಿಮೆ, ತಿಂಡಿ ಕೂಪನ್, ದಾನ ಹೀಗೆ. ಒಂದು ರೂಪಾಯಿ ದಾನವೂ ಇದರಲ್ಲಿ ಬರುತ್ತದೆ, ಮಾರ್ಗಸೂಚಿಯಲ್ಲೇ ದಾನದ ಮಾತಿದೆ. ದಾನ ಕೊಡುವುದು ಒಳ್ಳೆಯದೇ, ಆದರೆ ಟಿಕ್ ಹಾಕುವ ಕೈ ನಮ್ಮದಾಗಿರಬೇಕು. ಮೊದಲೇ ಟಿಕ್ ಹಾಕಿಟ್ಟು ಒಪ್ಪಿಗೆ ಅಂದುಕೊಳ್ಳುವ ಹಾಗಿಲ್ಲ ಅಂತ 2020ರ ನಿಯಮವೂ ಹೇಳುತ್ತದೆ. ಮೂರನೆಯದು ಸುಳ್ಳು ಆತುರ. ‘ಎರಡೇ ಉಳಿದಿವೆ, 30 ಜನ ನೋಡುತ್ತಿದ್ದಾರೆ’ ಅನ್ನುವ ತರಹದ್ದು.

ಇಲ್ಲಿ ಒಂದು ಮಾತು. ಗಡಿಯಾರ ಕಂಡ ತಕ್ಷಣ ಮೋಸ ಅಂದುಕೊಳ್ಳಬೇಡಿ. ನೀವು ಆರಿಸಿದ ಸೀಟನ್ನು ಕೆಲವು ನಿಮಿಷ ಬೇರೆಯವರಿಗೆ ಕೊಡದೆ ಹಿಡಿದಿಡಲು ನಿಜವಾದ ಗಡಿಯಾರ ಬೇಕಾಗುತ್ತದೆ. ಅನುಮಾನ ಬಂದರೆ ಮನೆಯ ಇನ್ನೊಂದು ಫೋನಿನಲ್ಲಿ ಅದೇ ಪುಟ ತೆರೆಯಿರಿ. ಒಂದರಲ್ಲಿ ಎರಡು ಸೀಟು, ಇನ್ನೊಂದರಲ್ಲಿ ಅರ್ಧ ಸ್ಟ್ಯಾಂಡ್ ಖಾಲಿ ಅಂತ ಕಂಡರೆ ಎರಡರ ಚಿತ್ರವನ್ನೂ ತೆಗೆದಿಡಿ.

ಮಾರುತ್ತಿರುವುದು ಯಾರು?

ಜನ ಇದನ್ನು ನೋಡುವುದೇ ಇಲ್ಲ. ನಾನೂ ನೋಡಿರಲಿಲ್ಲ. ಟಿಕೆಟ್ ತಾಣ ಅಂಗಡಿ ಬೀದಿ ಇದ್ದ ಹಾಗೆ, ಕಾರ್ಯಕ್ರಮ ಮಾಡುವವರು ಬೇರೆ. ಆ ಆಯೋಜಕರ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ ತಾಣದಲ್ಲಿ ಕಾಣಬೇಕು. ತಾಣದವರದೇ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವೂ ಇರಬೇಕು. ಅದನ್ನು ಈಗಲೇ ಬರೆದಿಟ್ಟುಕೊಳ್ಳಿ. ಗಲಾಟೆ ಆದ ಮೇಲೆ ಹುಡುಕಿದರೆ ಕಾರ್ಯಕ್ರಮದ ಪುಟವೇ ಮಾಯವಾಗಿರಬಹುದು, ನಮ್ಮದು ಹಾಗೇ ಆಯಿತು.

ಆಮೇಲೆ ಷರತ್ತುಗಳು. ಪೂರ್ತಿ ಓದಲು ಪುರುಸೊತ್ತು ಇಲ್ಲದಿದ್ದರೆ ಮೂರು ಪದ ಹುಡುಕಿ: ರದ್ದು, ಮುಂದೂಡಿಕೆ, ಬದಲಾವಣೆ. ಮುಂದೂಡಿದರೆ ಹಣ ವಾಪಸ್ ಇಲ್ಲ, ಕಲಾವಿದರು ಬದಲಾದರೆ ಹಣ ವಾಪಸ್ ಇಲ್ಲ, ಮಳೆ ಬಂದರೆ ಹಣ ವಾಪಸ್ ಇಲ್ಲ, ಹೀಗೆಲ್ಲ ಬರೆದಿರುತ್ತಾರೆ. ಬರೆದುಬಿಟ್ಟರೆ ಮುಗಿಯಿತು ಅಂತಲ್ಲ. ಒಂದು ಕಡೆಗೇ ವಾಲಿದ ಷರತ್ತನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಅನ್ಯಾಯದ ಒಪ್ಪಂದ ಅಂತ ಪ್ರಶ್ನೆ ಮಾಡಬಹುದು. ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ನಾವು ರದ್ದು ಮಾಡಿದಾಗ ಶುಲ್ಕ ಹಿಡಿಯುವ ತಾಣ, ತಾನಾಗಿ ರದ್ದು ಮಾಡಿದಾಗ ಅಂಥದ್ದೇ ಶುಲ್ಕವನ್ನು ತಾನೂ ಹೊರಬೇಕು. ಹೊರುವುದಿಲ್ಲ ಅಂದರೆ ನಮ್ಮಿಂದಲೂ ಹಿಡಿಯುವಂತಿಲ್ಲ.

ಸ್ಕ್ರೀನ್‌ಶಾಟ್ ತೆಗೆಯಿರಿ

ಕಾರ್ಯಕ್ರಮದ ಪುಟ, ಬೆಲೆಯ ಪೂರ್ತಿ ಲೆಕ್ಕ, ಷರತ್ತಿನಲ್ಲಿ ರದ್ದತಿಯ ಭಾಗ, ಹಣ ಹೋದ ಸಂದೇಶ. ಇಷ್ಟು ಸಾಕು. ತೆಗೆದು ನಿಮ್ಮ ಮೇಲ್‌ಗೆ ನೀವೇ ಕಳಿಸಿಕೊಳ್ಳಿ, ತಾರೀಖು ಅದರಲ್ಲಿ ತಾನಾಗಿ ದಾಖಲಾಗುತ್ತದೆ.

ಬೇರೆಯವರ ಕೈಯಿಂದ ಕೊಳ್ಳುವಾಗ

2025ರ ಜನವರಿಯಲ್ಲಿ ನವಿ ಮುಂಬೈಯಲ್ಲಿ ಬ್ರಿಟನ್ನಿನ ಸಂಗೀತ ತಂಡ ಕೋಲ್ಡ್‌ಪ್ಲೇ ಕಾರ್ಯಕ್ರಮವಿತ್ತು. ಅದರ ಟಿಕೆಟ್ 2024ರ ಸೆಪ್ಟೆಂಬರ್ 22ರಂದು ಮಾರಾಟಕ್ಕೆ ಬಂದು ನೋಡನೋಡುತ್ತಿದ್ದಂತೆ ಖಾಲಿಯಾಯಿತು. ಸ್ವಲ್ಪ ಹೊತ್ತಿನಲ್ಲೇ ಅವೇ ಟಿಕೆಟ್‌ಗಳು ಬೇರೆ ಕಡೆ ಹಲವು ಪಟ್ಟು ಬೆಲೆಗೆ ಕಾಣಿಸಿದವು. ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯ ಬೆಂಗಳೂರು ಸೇರಿ ಐದು ನಗರಗಳಲ್ಲಿ ಶೋಧ ನಡೆಸಿತು. ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್, ಟೆಲಿಗ್ರಾಂನಲ್ಲಿ ನಕಲಿ ಟಿಕೆಟ್ ಮಾರುತ್ತಿದ್ದರು ಅಂತ ತಿಳಿಸಿತು. ಬ್ಲಾಕ್‌ನಲ್ಲಿ ಟಿಕೆಟ್ ಮಾರುವುದನ್ನೇ ತಡೆಯುವ ಪ್ರತ್ಯೇಕ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ ಅಂತ ನನ್ನ ಅಭಿಪ್ರಾಯ. ಅದು ಬರುವವರೆಗೆ ನಮ್ಮ ಎಚ್ಚರ ನಮ್ಮದೇ.

ಟಿಕೆಟ್‌ನ ಫೋಟೋ ಕಳಿಸುತ್ತೇನೆ, ಮೊದಲು ದುಡ್ಡು ಹಾಕಿ ಅಂದವರಿಗೆ ಹಾಕಬೇಡಿ. ಒಂದೇ ಕ್ಯೂಆರ್ ಕೋಡನ್ನು ಹತ್ತು ಜನಕ್ಕೆ ಮಾರಬಹುದು, ಗೇಟಿನಲ್ಲಿ ಮೊದಲು ತೋರಿಸಿದವರು ಮಾತ್ರ ಒಳಗೆ. ಆ್ಯಪ್ ಒಳಗೇ ಹೆಸರು ಬದಲಾಯಿಸಿ ವರ್ಗಾಯಿಸುವ ವ್ಯವಸ್ಥೆ ಇದ್ದರೆ ಮಾತ್ರ ಕೊಳ್ಳಿ. ನಿಮ್ಮ ಟಿಕೆಟ್‌ನ ಕೋಡನ್ನೂ ಖುಷಿಗೆ ಸ್ಟೇಟಸ್ ಹಾಕಬೇಡಿ. ಮೋಸ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಹಣ ಮುಂದಿನ ಖಾತೆಗೆ ಜಾರುವ ಮುಂಚೆ ತಡೆಯಲು ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲೇ.

ದುಡ್ಡು ಹೋಯಿತು, ಟಿಕೆಟ್ ಬರಲಿಲ್ಲ

ಗಾಬರಿಯಲ್ಲಿ ಮತ್ತೆ ಮತ್ತೆ ಕಟ್ಟಬೇಡಿ. ಖಾತೆಯಿಂದ ಹಣ ಹೋಗಿ ಮಾರುವವರಿಗೆ ಖಾತ್ರಿ ತಲುಪದಿದ್ದರೆ, ಯುಪಿಐ ಆಗಲಿ ಕಾರ್ಡ್ ಆಗಲಿ, ವ್ಯವಹಾರವಾದ ದಿನದಿಂದ ಐದು ದಿನದೊಳಗೆ ಅದು ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಇದನ್ನು ಬ್ಯಾಂಕಿನಲ್ಲಿ ಕೇಳಿ.

ಕಾರ್ಯಕ್ರಮ ರದ್ದಾದರೆ ದೂರು ಹೀಗೆ

ಮೊದಲು ತಾಣದ ಕುಂದುಕೊರತೆ ಅಧಿಕಾರಿಗೆ ಮೇಲ್ ಮಾಡಿ. ಗ್ರಾಹಕ ಸೇವೆಯ ಚಾಟ್ ಸಾಲದು. ಅಲ್ಲಿ ಸುಮ್ನೆ ಸಮಾಧಾನದ ಮಾತು ಸಿಗುತ್ತದೆ, ದಾಖಲೆ ಸಿಗುವುದಿಲ್ಲ. ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಾನು ಬರೆದದ್ದು ಇಷ್ಟೇ:

‘ಈ ಸಂಖ್ಯೆಯ ಬುಕಿಂಗ್‌ನಲ್ಲಿ ಇಷ್ಟು ರೂಪಾಯಿ ಕಟ್ಟಿದ್ದೇನೆ. ಕಾರ್ಯಕ್ರಮ ಈ ದಿನ ರದ್ದಾಗಿದೆ ಅಂತ ನೀವೇ ತಿಳಿಸಿದ್ದೀರಿ. ಶುಲ್ಕವೂ ಸೇರಿ ಪೂರ್ತಿ ಹಣ ವಾಪಸ್ ಮಾಡಿ. ನಿಮ್ಮ ಷರತ್ತಿನ ಪುಟ, ಹಣ ಕಟ್ಟಿದ ಪುಟ ಲಗತ್ತಿಸಿದ್ದೇನೆ.’

ಸಿಟ್ಟಿನ ಮಾತು ಬೇಡ, ಕಥೆಯೂ ಬೇಡ. ಆಯೋಜಕರನ್ನು ಕೇಳಿ ಅಂತ ಉತ್ತರ ಬಂದರೆ, ದುಡ್ಡು ತೆಗೆದುಕೊಂಡದ್ದು ನೀವು, ಬಿಲ್ ಕೊಟ್ಟದ್ದೂ ನೀವು ಅಂತ ಬರೆಯಿರಿ, ಆಯೋಜಕರಿಗೂ ಒಂದು ಪ್ರತಿ ಕಳಿಸಿ. ಕೊಟ್ಟ ಸೇವೆಯಲ್ಲಿ ಕೊರತೆ ಇದ್ದೂ ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನದಲ್ಲಿ, ಹಣ ವಾಪಸ್ ಕೊಡಲು ಒಪ್ಪದಿರುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿನಲ್ಲಿ ಸೇರಿಸಿದೆ. ಇದನ್ನೂ ಮೇಲ್‌ನಲ್ಲಿ ಸೇರಿಸಬಹುದು.

ಅದಕ್ಕೂ ಬಗ್ಗದಿದ್ದರೆ 1915. ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಇವರಿಗೆ ಆದೇಶ ಮಾಡುವ ಅಧಿಕಾರ ಇಲ್ಲ, ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಆದರೂ ಕೆಲಸ ಆಗುತ್ತದೆ, ನನ್ನ ವಿಷಯದಲ್ಲಿ ಆಯಿತು.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಹೆದರಬೇಡಿ. ಐದು ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ, ವಕೀಲರೇ ಬೇಕು ಅಂತಿಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ದೂರು ಹಾಕಬಹುದು. ಕಂಪನಿ ಮುಂಬೈಯಲ್ಲಿದ್ದರೂ ನೀವು ಹಾವೇರಿಯವರಾಗಿದ್ದರೆ ಹಾವೇರಿಯಲ್ಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು ಅಷ್ಟೇ. 2025ರ ಫೆಬ್ರುವರಿಯಲ್ಲಿ, ಸಿನಿಮಾಕ್ಕೆ ಮುಂಚೆ ಸುಮಾರು 25 ನಿಮಿಷ ಜಾಹೀರಾತು ಹಾಕಿ ಸಮಯ ಹಾಳು ಮಾಡಿದರು ಅಂತ ಒಬ್ಬ ಪ್ರೇಕ್ಷಕರು ಕೊಟ್ಟ ದೂರನ್ನು ಬೆಂಗಳೂರಿನ ಆಯೋಗ ಎತ್ತಿಹಿಡಿದಿತ್ತು. ಟಿಕೆಟ್ ಮೇಲೆ ಸಿನಿಮಾ ನಿಜವಾಗಿ ಶುರುವಾಗುವ ಹೊತ್ತನ್ನೇ ಹಾಕಿ ಅಂದಿತ್ತು. ಮುಂದಿನ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ನಿಜ. ಆದರೆ ಒಬ್ಬ ಸಾಮಾನ್ಯ ಪ್ರೇಕ್ಷಕರ ದೂರು ಅಷ್ಟು ದೂರ ಹೋಯಿತು ಅನ್ನುವುದನ್ನು ನಾನು ಮರೆತಿಲ್ಲ.

ಅಮೆರಿಕದಲ್ಲಿರುವ ನಮ್ಮವರಿಗೂ ಒಂದು ಮಾತು. ಅಲ್ಲಿ 2025ರ ಮೇ 12ರಿಂದ ಕಾರ್ಯಕ್ರಮಗಳ ಟಿಕೆಟ್‌ಗೆ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಬೆಲೆಯನ್ನು ಮೊದಲಿಗೇ ತೋರಿಸಬೇಕು ಅಂತ ಅಲ್ಲಿನ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮವಿದೆ. ಸರ್ಕಾರದ ತೆರಿಗೆಯನ್ನು ಆಮೇಲೆ ಸೇರಿಸಬಹುದು.

ನಮ್ಮ ನಾಲ್ಕು ಟಿಕೆಟ್‌ನ ಹಣ 1915ಕ್ಕೆ ದೂರು ಕೊಟ್ಟ ಹನ್ನೊಂದನೇ ದಿನ ಬಂತು. ಕನ್ವೀನಿಯನ್ಸ್ ಫೀ ಹಿಡಿದುಕೊಂಡಿದ್ದರು. ಹುಡುಗಿಯ ಸ್ಕ್ರೀನ್‌ಶಾಟ್‌ನಲ್ಲಿ ‘ರದ್ದಾದರೆ ಪೂರ್ತಿ ಮೊತ್ತ ವಾಪಸ್’ ಅನ್ನುವ ಸಾಲಿಗೆ ಕೆಂಪು ಗೆರೆ ಎಳೆದು ಇನ್ನೊಂದು ಮೇಲ್ ಹಾಕಿದೆ. ನಾಲ್ಕು ದಿನದಲ್ಲಿ ಅದೂ ಬಂತು.