ಮಳೆಗಾಲ ತಿಂದ ಮಡಚು ಚಾಕು

ಮೂಡಿಗೆರೆ ಮಳೆ ಗೊತ್ತಲ್ವಾ, ಜುಲೈನಲ್ಲಿ ಗೋಡೆಯೂ ಬೆವರುತ್ತದೆ. ಮೆಣಸಿನ ಬಳ್ಳಿ ಕಟ್ಟುವಾಗ ಹಗ್ಗ ಕೊಯ್ಯಲು ಒಯ್ದಿದ್ದ ಮಡಚು ಚಾಕುವನ್ನು ಒದ್ದೆ ಜರ್ಕಿನ್ ಜೇಬಿನಲ್ಲೇ ಮರೆತಿದ್ದೆ. ಹದಿನೈದು ದಿನ ಬಿಟ್ಟು ನೋಡಿದರೆ ಅಲಗಿನ ತುಂಬ ಕೆಂಪು ತುಕ್ಕು. ಬಿಚ್ಚಲೂ ಬರಲಿಲ್ಲ.

ಕೀಲಿಗೆ ನಾಲ್ಕು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟೆ. ಬೆಳಿಗ್ಗೆ ಕಿರ್ರ್ ಅಂತ ಬಿಚ್ಚಿಕೊಂಡಿತು. ಆಮೇಲೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಅಲಗಿಗೆ ಮಾತ್ರ ಸುತ್ತಿ ಅರ್ಧ ಗಂಟೆ ಬಿಟ್ಟೆ. ಇಡೀ ಚಾಕು ಮುಳುಗಿಸಬೇಡಿ, ಕೀಲಿನೊಳಗೆ ಹುಳಿ ಉಳಿದರೆ ಮತ್ತೆ ತುಕ್ಕು ಶುರು. ಬಟ್ಟೆ ತೆಗೆದಾಗ ತುಕ್ಕು ಕಪ್ಪು ಕೆಸರಿನ ಹಾಗೆ ಸಡಿಲವಾಗಿತ್ತು. ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ. ಉಳಿದ ಹುಳಿಯನ್ನೂ ಸೋಡಾ ಮುರಿಯುತ್ತದೆ. ಕಲೆಗಳಿಗೆ 1000 ನಂಬರಿನ ಉಪ್ಪುಕಾಗದ, ನೀರು ಹಚ್ಚಿ ಒಂದೇ ದಿಕ್ಕಿಗೆ. ಎರಡು ಗುಳಿ ಹೋಗಲಿಲ್ಲ. ಬಿಟ್ಟೆ. ಹಟ ಹಿಡಿದರೆ ಅಲಗೇ ಸವೆಯುತ್ತದೆ.

ನನ್ನದು ಕಾರ್ಬನ್ ಸ್ಟೀಲ್. ಸ್ಟೇನ್‌ಲೆಸ್‌ನಲ್ಲಿ ಕನಿಷ್ಠ ಶೇ. 10.5 ಕ್ರೋಮಿಯಂ ಇದ್ದು, ಮೇಲೆ ತೆಳು ಪೊರೆ ಕಟ್ಟುತ್ತದೆ. ಇದಕ್ಕೆ ಆ ಕಾವಲಿಲ್ಲ. ಅಮ್ಮ ಕತ್ತಿಗೆ ಕೊಬ್ಬರಿ ಎಣ್ಣೆ ಸವರಿದರೆ ಸುಮ್ನೆ ನಗುತ್ತಿದ್ದೆ. ಈಗ ಕೆಲಸ ಮುಗಿದ ಕೂಡಲೇ ಒರೆಸಿ, ನಾನೂ ಅದೇ ಬಟ್ಟಲಿಗೆ ಬೆರಳು ಅದ್ದುತ್ತೇನೆ.