ಬಿಸಿಯಾದ ಮೇಲೆ ಮಿಸ್ಸಿಂಗ್: ಹಳೆ ಬುಲೆಟ್‌ನ ಸಿ.ಬಿ. ಪಾಯಿಂಟ್ ಸರಿಮಾಡಿದ್ದು

ಕಾಸ್ಟ್ ಐರನ್ ಎಂಜಿನ್ನಿನ ಬುಲೆಟ್ 350. ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್. ಬಿಸಿಯಾದರೆ ಮಿಸ್ಸಿಂಗ್ (ನಡುನಡುವೆ ಎಂಜಿನ್ ಉರಿಯುವುದು ತಪ್ಪುವುದು), ಬ್ಯಾಕ್‌ಫೈರ್. ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಕಾರ್ಬ್ಯುರೇಟರಿಗೆ ಕೈಹಾಕುತ್ತಾರೆ. ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಅಂದರೆ ಕರೆಂಟ್ ಕಡಿದು ಪ್ಲಗ್ಗಿನಲ್ಲಿ ಕಿಡಿ ಬರಿಸುವ ಎರಡು ಲೋಹದ ತುದಿಗಳು. ಅದರ ಮುಚ್ಚಳ ತೆಗೆದು ನೋಡುವುದು ಎರಡು ನಿಮಿಷದ ಕೆಲಸ.

ಒಂದು ಪಾಯಿಂಟಿನ ಮೇಲೆ ಸೂಜಿಮೊನೆಯಷ್ಟು ಗುಬುಟು, ಎದುರಿನದರಲ್ಲಿ ಅಷ್ಟೇ ಕುಳಿ. ಎಂಜಿನ್ ಓಡುವಾಗ ನಡುವೆ ನೀಲಿ ಕಿಡಿ ಜೋರಾಗಿ ಹಾರುತ್ತಿತ್ತು. ಪಾಯಿಂಟ್ ನಡುವೆ ಹೀಗೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟಿರುವ ಗುರುತು ಅದು; ಪಾಯಿಂಟ್ ಮಾತ್ರ ಬದಲಿಸಿದ್ದರೆ ಹೊಸದೂ ಸುಡುತ್ತಿತ್ತು.

ಹೊಸ ಕಂಡೆನ್ಸರ್ ಹಾಕಿ, ಪಾಯಿಂಟನ್ನು ಸಣ್ಣ ಅರದಿಂದ ಸಮ ಮಾಡಿದೆ. ಎಮರಿ ಪೇಪರ್ ಬೇಡ, ಅದರ ಪುಡಿ ಕಚ್ಚಿಕೊಂಡು ಕರೆಂಟ್ ತಡೆಯುತ್ತದೆ. ಕೊನೆಗೆ ಪೆಟ್ರೋಲಲ್ಲಿ ಅದ್ದಿದ ದಪ್ಪ ಕಾಗದ ನಡುವೆ ಎಳೆದರೆ ಸಾಕು. ಪಾಯಿಂಟ್ ಪೂರ್ತಿ ತೆರೆದಲ್ಲಿ ನಿಲ್ಲಿಸಿ, ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) 0.35–0.40 ಮಿ.ಮೀ. ಗ್ಯಾಪ್. ಸ್ಕ್ರೂ ಬಿಗಿಸುವಾಗ ಅದು ಜಾರುತ್ತದೆ, ಮತ್ತೊಮ್ಮೆ ಅಳೆಯಿರಿ.

ಗ್ಯಾಪ್ ಕಡಿಮೆಯಾದರೆ ಕಿಡಿ ತಡ, ಹೆಚ್ಚಾದರೆ ಬೇಗ. ಹಾಗಾಗಿ ಟೈಮಿಂಗ್ (ಕಿಡಿ ಹಾರುವ ಹೊತ್ತು) ಹೊಂದಿಸುವುದು ಆಮೇಲೆಯೇ. ಇಗ್ನಿಷನ್ ಹಾಕಿ ಎಂಜಿನ್ ನಿಧಾನ ತಿರುಗಿಸಿದರೆ, ಪಾಯಿಂಟ್ ತೆರೆದ ಕ್ಷಣ ಆಮೀಟರ್ (ಕರೆಂಟ್ ತೋರಿಸುವ ಮೀಟರ್) ಮುಳ್ಳು ಸೊನ್ನೆಗೆ ಹಾರುತ್ತದೆ; ಕಿಡಿ ಹಾರುವುದೂ ಆಗಲೇ. ಪಾಯಿಂಟನ್ನು ತಳ್ಳಿ ತೆರೆಯುವ ಕ್ಯಾಮಿಗೆ ಗ್ರೀಸ್ ಸವರಿದಷ್ಟೇ ಇರಲಿ, ಹೆಚ್ಚಾದರೆ ಪಾಯಿಂಟಿಗೆ ಸಿಡಿಯುತ್ತದೆ. ಹೊಸ ಸೆಟ್ ಹಾಕಿದವರು 500 ಕಿ.ಮೀ.ಗೆ ಗ್ಯಾಪ್ ಮತ್ತೆ ನೋಡಿ. ಕ್ಯಾಮಿಗೆ ಉಜ್ಜುವ ಫೈಬರ್ ಹೀಲ್ ಮೊದಮೊದಲು ಬೇಗ ಸವೆಯುತ್ತದೆ.