ಪುಯಲ್ (ಚಂಡಮಾರುತ) ಬರೋ ಮುಂಚೆ ರಾಗಿ ಕೊಯ್ಲು: ನನ್ನ ಅನುಭವ

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. 2022ರ ಡಿಸೆಂಬರ್ ಮೊದಲ ವಾರ. ಒಂದೂವರೆ ಎಕರೆ ರಾಗಿ ಬಲಿತು ನಿಂತಿತ್ತು. ಫೋನಿನಲ್ಲಿ ನೋಡಿದರೆ ಮುಂದಿನ ನಾಲ್ಕು ದಿನ ಎರಡು ಮಿಲಿಮೀಟರ್, ಮೂರು ಮಿಲಿಮೀಟರ್ ಅಂತ ಮಳೆ ತೋರಿಸುತ್ತಿತ್ತು. ಇಷ್ಟಕ್ಕೆಲ್ಲ ಯಾರು ಹೆದರುತ್ತಾರೆ ಅಂತ ಎಂಟು ಆಳು ಕರೆಸಿ ಕೊಯ್ಸಿಬಿಟ್ಟೆ. ಕೊಯ್ದ ಪೈರನ್ನು ನೆಲದ ಮೇಲೆ ಹರಡಿ ಅರಿ ಹಾಕಿ ಮುಗಿಸುವಾಗ ಸಂಜೆಯಾಗಿತ್ತು. ಮಾರನೇ ದಿನ ಮೋಡ ಮುಚ್ಚಿಕೊಂಡಿತು.

ಆ್ಯಪ್ ಸುಳ್ಳು ಹೇಳಿರಲಿಲ್ಲ. ಬಂದಿದ್ದು ಬರೀ ಜಡಿ ಮಳೆ, ಅಂಗಿ ಕೂಡ ಪೂರ್ತಿ ನೆನೆಯದಷ್ಟು. ಆದರೆ ನಾಲ್ಕು ದಿನ ಸೂರ್ಯ ಕಾಣಲಿಲ್ಲ. ಮಾಂಡೌಸ್ ಚಂಡಮಾರುತ ಡಿಸೆಂಬರ್ 9ರ ರಾತ್ರಿ ಮಾಮಲ್ಲಪುರದ ಹತ್ತಿರ ದಡ ದಾಟಿತು. ನಾವಿರುವುದು ಅಲ್ಲಿಂದ ಇನ್ನೂರೈವತ್ತು ಕಿಲೋಮೀಟರ್‌ಗಿಂತ ದೂರ, ಒಳನಾಡಿನಲ್ಲಿ. ಐದನೇ ದಿನ ಅರಿ ಎತ್ತಿ ನೋಡಿದೆ. ಮೇಲ್ಗಡೆ ತೆನೆ ಪರವಾಗಿಲ್ಲ. ನೆಲಕ್ಕೆ ತಾಗಿದ ಕಡೆ ಕಾಳಿನಿಂದ ಬಿಳಿ ಮೊಳಕೆ ಎದ್ದಿತ್ತು, ಸೂಜಿ ಮೊನೆಯಷ್ಟು. ಹುಲ್ಲಿಗೆ ಬೂಷ್ಟು. ಹಸು ಮೂಸಿ ನೋಡಿ ಮುಖ ತಿರುಗಿಸಿತು.

ನಮ್ಮ ಊರು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ, ಡೆಂಕಣಿಕೋಟೆಯಿಂದ ತಳಿಗೆ ಹೋಗುವ ದಾರಿಯಲ್ಲಿ. ಸುಮಾರು 3,000 ಅಡಿ ಎತ್ತರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು, ತೆಲುಗು ಎಲ್ಲ ನಡೆಯುತ್ತದೆ. ಆಗಸ್ಟಿನಲ್ಲಿ ಬಿತ್ತಿದ ರಾಗಿ ಕೊಯ್ಲಿಗೆ ಬರುವುದು ನವೆಂಬರ್ ಕೊನೆಗೆ. ಬಂಗಾಳಕೊಲ್ಲಿ ಕುದಿಯುವುದೂ ಸರಿಯಾಗಿ ಅದೇ ಹೊತ್ತಿಗೆ!

ಅಕ್ಕನ ಮಗ ಅಮೆರಿಕದ ಟೆಕ್ಸಾಸಿನಲ್ಲಿದ್ದಾನೆ. ಅಲ್ಲಿ ಅಕ್ಟೋಬರ್, ನವೆಂಬರಿನಲ್ಲಿ 'ಕೋಲ್ಡ್ ಫ್ರಂಟ್' ಬರುತ್ತದೆ ಅಂತ ಟಿವಿಯಲ್ಲಿ ಮೊದಲೇ ಹೇಳುತ್ತಾರಂತೆ. ಉತ್ತರದ ತಣ್ಣನೆ ಗಾಳಿ ಒಂದು ಗೋಡೆಯ ಹಾಗೆ ನುಗ್ಗಿ ಬಿಸಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಗುಡುಗು, ಮಳೆ ಆಗಿ, ಅದು ದಾಟಿದ ಮೇಲೆ ಆಕಾಶ ತೊಳೆದಂತಾಗುತ್ತದೆ. ಚಳಿ ಬರುವುದು ಆಮೇಲೆ, ಬಿಸಿಲಿನ ಜೊತೆ. 'ಹಾಗಾದರೆ ನಿಮ್ಮಲ್ಲಿ ರಾಗಿ ಒಣಗುತ್ತೆ ಬಿಡು' ಅಂದೆ. ನಮ್ಮಲ್ಲಿ ಅಂಥ ಗೋಡೆ ಬರುವುದಿಲ್ಲ. ಚಳಿ, ಮೋಡ, ಜಡಿ ಮೂರೂ ಒಟ್ಟಿಗೆ ಬಂದು ಕೂತುಬಿಡುತ್ತವೆ. ಹಗಲಿಗೂ ರಾತ್ರಿಗೂ ವ್ಯತ್ಯಾಸ ಗೊತ್ತಾಗಲ್ಲ. ಮಧ್ಯಾಹ್ನ ಎರಡು ಗಂಟೆಗೂ ಕಂಬಳಿ ಬೇಕು.

ಆ ವರ್ಷದಿಂದ ನಾನು ಮಿಲಿಮೀಟರ್ ನೋಡುವುದನ್ನು ಬಿಟ್ಟೆ. ಅಂದರೆ ನೋಡುತ್ತೇನೆ, ನಂಬಿ ಕೊಯ್ಯುವುದಿಲ್ಲ. ಈಗ ಲೆಕ್ಕ ಹಾಕುವುದು ಒಂದೇ: ಕೊಯ್ದ ಮೇಲೆ ಬೆನ್ನು ಬೆನ್ನಿಗೆ ಮೂರು ಬಿಸಿಲು ಸಿಗುತ್ತಾ? ಸಿಕ್ಕರೆ ಅರಿ ಒಣಗಿ, ಕಂತೆ ಕಟ್ಟಿ, ಮೆದೆ ಒಟ್ಟಬಹುದು. ಸಿಗಲ್ಲ ಅಂದರೆ ಪೈರು ನಿಂತೇ ಇರಲಿ. ನಿಂತ ರಾಗಿ ನೆನೆದರೂ ಗಾಳಿ ಆಡಿ ಒಣಗುತ್ತದೆ. ನೆಲದ ಮೇಲೆ ಬಿದ್ದ ಅರಿ ಒಣಗುವುದಿಲ್ಲ.

ಸುದ್ದಿ ಕೇಳುವುದರಲ್ಲೂ ಒಂದು ಉಪಾಯ ಕಂಡುಕೊಂಡೆ. ಕನ್ನಡ ಚಾನೆಲ್‌ಗಳಲ್ಲಿ ಹೆಚ್ಚಾಗಿ ಎಲ್ಲದಕ್ಕೂ 'ವಾಯುಭಾರ ಕುಸಿತ' ಅಂದುಬಿಡುತ್ತಾರೆ. ತಮಿಳು ಸುದ್ದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾರೆ. ಮೊದಲು 'ತಾಳ್ವು ಪಗುದಿ', ಅಂದರೆ ಬರೀ ಕಡಿಮೆ ಒತ್ತಡದ ಜಾಗ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ 'ತಾಳ್ವು ಮಂಡಲಂ'. 62 ಮುಟ್ಟಿದರೆ 'ಪುಯಲ್', ಆಗಲೇ ಹೆಸರು ಇಡುವುದು. ಪಗುದಿ ಅಂದಾಗ ನಾನು ಕಿವಿ ಕೊಡುತ್ತೇನೆ. ಮಂಡಲಂ ಅಂದ ದಿನ ಆಳುಗಳಿಗೆ ಫೋನ್ ಮಾಡುತ್ತೇನೆ.

ಆಮೇಲೆ ನೋಡುವುದು ಅದು ಎಲ್ಲಿ ದಡ ಸೇರುತ್ತದೆ ಅಂತ. ಪುದುಚೇರಿಯಿಂದ ನೆಲ್ಲೂರಿನ ಒಳಗೆ ಸೇರಿ ಪಡುವಲಿಗೆ ನಡೆದರೆ ನಮ್ಮ ತಲೆ ಮೇಲೇ. ದೂರ ತೆಂಕಲಿಗೆ ಹೋದರೆ ಹೆಚ್ಚಾಗಿ ಮೋಡ, ಚಳಿ ಅಷ್ಟೇ. ಒಡಿಶಾ ಕಡೆ ತಿರುಗಿಕೊಂಡರೆ ಇಲ್ಲಿ ಬಡಗಲ ಒಣಗಾಳಿ ಬೀಸಿ, ಕೊಯ್ಲಿಗೆ ಅದಕ್ಕಿಂತ ಒಳ್ಳೇ ದಿನ ಸಿಗಲ್ಲ.

2024ರಲ್ಲಿ ಇದನ್ನು ಪರೀಕ್ಷೆ ಮಾಡುವ ಹಾಗಾಯ್ತು. ನವೆಂಬರ್ ಮೂರನೇ ವಾರ, ಅನುರಾಧಾ ನಕ್ಷತ್ರದ ಮಳೆ ಹುಟ್ಟಿದ ಹೊತ್ತು. ಬಿಸಿಲು ಚುರುಕಾಗಿತ್ತು. ಕೊಲ್ಲಿಯಲ್ಲಿ ಪಗುದಿ ಆಗುತ್ತದೆ ಅನ್ನುವ ಸುದ್ದಿ ಬಂದ ಕೂಡಲೇ, ಈ ಸಲ ಮಂಡಲಂ ಅನ್ನುವವರೆಗೂ ಕಾಯದೆ, ಬಲಿತ ಅರ್ಧ ಹೊಲ ಕೊಯ್ಸಿದೆ. ಉಳಿದ ಅರ್ಧ ತಡವಾಗಿ ಬಿತ್ತಿದ್ದು, ತೆನೆ ಬುಡದಲ್ಲಿ ಇನ್ನೂ ಹಸಿರಿತ್ತು. ಅದನ್ನು ಬಿಟ್ಟೆ. ಪಕ್ಕದ ಹೊಲದ ಗೌಡ್ರು ಬದುವಿನ ಮೇಲೆ ನಿಂತು ನಕ್ಕರು. 'ಏನಪ್ಪಾ, ಬಿಸ್ಲು ಹಿಂಗ್ ಸುಡ್ತೈತೆ, ನೀನು ಮಳೆ ಅಂತ ಓಡಾಡ್ತೀಯಲ್ಲ?' ನಾನು ಸುಮ್ನೆ ನಕ್ಕೆ. ಹಿಂದಿನ ಸಲದ ಮೊಳಕೆ ಅವರೂ ನೋಡಿದ್ದರು.

ಆಮೇಲಿನ ದಿನಗಳು ನನಗೇ ನಾಚಿಕೆ ತಂದವು. ಪುಯಲ್ ಆಗುತ್ತೆ ಅಂದರು. ಆಗಲ್ಲ ಅಂದರು. ಅದು ಸಮುದ್ರದಲ್ಲೇ ತೆವಳುತ್ತಿತ್ತು. ಗೌಡ್ರು ದಿನಾ ಕೇಳುತ್ತಿದ್ದರು, ನಿನ್ನ ಮಳೆ ಎಲ್ಲಿಗೆ ಬಂತು ಅಂತ. ಕೊನೆಗೆ ನವೆಂಬರ್ 29ಕ್ಕೆ ಪುಯಲ್ ಆಯ್ತು, ಫೆಂಗಲ್ ಅಂತ ಹೆಸರು ಬಂತು. 30ರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿ, ಅಲ್ಲೇ ಗಂಟೆಗಟ್ಟಲೆ ಕದಲದೆ ನಿಂತಿತು. ಆಮೇಲೆ ನಮ್ಮ ಜಿಲ್ಲೆ ಕಡೆ ತಿರುಗಿತು. ನಮ್ಮಿಂದ ನೂರು ಕಿಲೋಮೀಟರ್ ದೂರದ ಊತಂಗರೆಯಲ್ಲಿ ಒಂದೇ ದಿನದಲ್ಲಿ 50 ಸೆಂಟಿಮೀಟರ್ ಮಳೆ! ಬಸ್‌ಸ್ಟ್ಯಾಂಡ್ ಹತ್ತಿರ ನಿಲ್ಲಿಸಿದ್ದ ವ್ಯಾನು, ಕಾರುಗಳು ನೀರಲ್ಲಿ ಕೊಚ್ಚಿ ಹೋಗುವ ವಿಡಿಯೋ ಎಲ್ಲರ ಫೋನಿಗೂ ಬಂತು. ನಮ್ಮಲ್ಲಿ ಅದಕ್ಕೆ ಹೋಲಿಸಿದರೆ ಏನೂ ಅಲ್ಲ, ಬಿಡದೆ ಸುರಿದ ತಣ್ಣನೆ ಮಳೆ ಅಷ್ಟೇ.

ನಿಂತಿದ್ದ ರಾಗಿ ಅಲ್ಲಲ್ಲಿ ಮಲಗಿತು. ಬಿಸಿಲು ಬಂದ ಮೇಲೆ ಕೊಯ್ಯಲು ಮೆಷಿನ್‌ನವನು ಒಪ್ಪಲಿಲ್ಲ, ನೆಲ ಹೂತುಕೊಳ್ಳುತ್ತೆ ಅಂದ. ಕುಡುಗೋಲಿನಲ್ಲೇ ಕೊಯ್ದೆವು. ಆಳಿನ ಖರ್ಚು ಜಾಸ್ತಿ ಆಯ್ತು. ಕಾಳು ಮಾತ್ರ ಕೈಗೆ ಸಿಕ್ಕಿತು. ಬೆಳಗ್ಗೆ ಇಬ್ಬನಿ ಆರುವವರೆಗೆ, ಅಂದರೆ ಹತ್ತು ಗಂಟೆವರೆಗೆ, ಯಾರನ್ನೂ ಹೊಲಕ್ಕೆ ಇಳಿಸಲಿಲ್ಲ.

ಮೊದಲೇ ಒಟ್ಟಿದ್ದ ಮೆದೆಯ ವಿಷಯ ಹೇಳಬೇಕು, ಅಲ್ಲೊಂದು ಎಡವಟ್ಟು ಮಾಡಿದೆ. ಅಡಿಗೆ ಕಲ್ಲು, ಅದರ ಮೇಲೆ ಸೌದೆ ಹಾಸಿದ್ದೆ. ತೆನೆ ಒಳಗೆ, ಬುಡ ಹೊರಗೆ ಬರುವ ಹಾಗೆ ಅಮ್ಮ ಹೇಳಿಕೊಟ್ಟಂತೆಯೇ ಒಟ್ಟಿದ್ದೆವು. ಪುಯಲ್ ಮೂಡಲಲ್ಲಿ ಇರುವಷ್ಟು ಹೊತ್ತು ಗಾಳಿ ಬಡಗಲಿಂದ ಬರುತ್ತದೆ, ಅದು ಎಡಕ್ಕೆ ಸುತ್ತುವ ಚಕ್ರ ಅಲ್ವಾ. ಅದಕ್ಕೇ ಟಾರ್ಪಾಲನ್ನು ಬಡಗಲ ಕಡೆ ನೆಲದವರೆಗೆ ಎಳೆದು ಕಟ್ಟಿದೆ. ಮೂಡಲ ಕಡೆ ಎರಡಡಿ ಗಿಡ್ಡವಾಯಿತು, ಇರಲಿ ಅಂದುಕೊಂಡೆ. ಚಕ್ರ ಒಳನಾಡಿಗೆ ಬಂದ ಹಾಗೆ ಗಾಳಿ ತಿರುಗಿತು. ಒಂದು ರಾತ್ರಿ ಪೂರ್ತಿ ಎರಚಲು ಮೂಡಲಿಂದ ಹೊಡೆಯಿತು.

ಬೆಳಗ್ಗೆ ಅಮ್ಮ ಮೆದೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಸ್ವಲ್ಪ ಹೊತ್ತು ಹಾಗೇ ನಿಂತಳು. 'ಒಳಗೆ ಬೆಚ್ಚಗಿಲ್ಲ, ತೆನೆ ಒಣಗೇ ಇದೆ' ಅಂದಳು. ಬೆಚ್ಚಗಿದ್ದರೆ ಒಳಗೊಳಗೇ ಬೇಯುತ್ತಿದೆ ಅಂತ ಅರ್ಥ, ಮೆದೆ ಪೂರ್ತಿ ಬಿಚ್ಚಬೇಕಿತ್ತು. ಮೂಡಲ ಮಗ್ಗುಲಲ್ಲಿ ನೆನೆದ ಹತ್ತು ಹನ್ನೆರಡು ಕಂತೆ ಎಳೆದು ಜಗುಲಿ ಮೇಲೆ ಹರಡಿದೆವು. ತೆನೆ ಮುರಿದುಕೊಂಡು ಹುಲ್ಲನ್ನು ಆ ವಾರವೇ ಹಸುಗಳಿಗೆ ಹಾಕಿ ಮುಗಿಸಿದೆವು. ಈಗ ಇನ್ನೊಂದು ಟಾರ್ಪಾಲು ತಂದಿಟ್ಟಿದ್ದೇನೆ, ಹದಿನೆಂಟಡಿಯದು.